ಸೂರ್ಯನಿಗೆ ಬೆನ್ನು ಹಾಕಿ ನಿಂತವರು

ನಮ್ಮ ಡಾಕ್ಟರಮ್ಮನ ಕತ್ತಿನ ಹಿಂಭಾಗ ಅವರ ಮುಖಕ್ಕಿಂತ ಕಪ್ಪಾಗಿತ್ತು. ಮುಖ ಗೋಧಿ ಬಣ್ಣ. ಕತ್ತು ಮಾತ್ರ, ತುರುಬಿನ ಕೆಳಗಿನಿಂದ ರವಿಕೆಯ ಅಂಚಿನವರೆಗೆ, ದಿನವಿಡೀ ಬಗ್ಗಿ ಕಳೆ ಕೀಳುವವರ ಕತ್ತಿನ ಹಾಗೆ ಬಿಸಿಲಿಗೆ ಬೆಂದು ಕಂದುಗಟ್ಟಿತ್ತು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಸ್ವಂತ ಕಣ್ಣಿನ ಆಸ್ಪತ್ರೆ, ಓಡಾಡಲು ಕಾರು, ತಲೆಮಾರುಗಳಿಂದ ಹತ್ತಿ ವ್ಯಾಪಾರ ಮಾಡಿಕೊಂಡು ಬಂದ ದೊಡ್ಡ ಮನೆತನ. ಹೊಲದ ಕೆಲಸ ಅವರಿಗೆ ಗೊತ್ತಿರಲಿಕ್ಕಿಲ್ಲ. ಹಾಗಿದ್ದೂ ಕತ್ತು ಯಾಕೆ ಹೀಗೆ ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕದ್ದು ಕದ್ದು ನೋಡುತ್ತಿದ್ದೆ. ಕೇಳಲು ಧೈರ್ಯವಿರಲಿಲ್ಲ.

ನನ್ನೂರು ಹರಿಹರ. ಅಪ್ಪ ಬೇಗ ತೀರಿಕೊಂಡರು. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಅವ್ವ ರವಿಕೆ ಹೊಲಿಯುತ್ತಿದ್ದಳು. ಡಿಗ್ರಿ ಮುಗಿಸಿದ ಮೇಲೆ ನನಗೆ ಈ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಬಸ್ಸು ಹತ್ತಿ ದಾವಣಗೆರೆಗೆ ಹೋಗುವುದು, ಬಂದವರ ಹೆಸರು ಬರೆದುಕೊಳ್ಳುವುದು, ಗೋಡೆಯ ಮೇಲಿನ ಅಕ್ಷರ ಓದಿಸುವುದು, ಕಣ್ಣಿಗೆ ಹನಿ ಹಾಕುವುದು, ಸಂಜೆ ಮತ್ತೆ ಬಸ್ಸು. ಕೆಲಸ ಅಷ್ಟೇ ಅಂದುಕೊಂಡಿದ್ದೆ.

ಮುಂಗಾರು ಶುರುವಾದ ಒಂದು ಸಂಜೆ. ರಪರಪನೆ ಮಳೆ ಹೊಡೆದು, ಪೂರ್ತಿ ನಿಲ್ಲುವ ಮೊದಲೇ ಪಡುವಣದ ಮೋಡ ಸರಿದು ಬಿಸಿಲು ಬಿತ್ತು. ಡಾಕ್ಟರಮ್ಮ ಒಬ್ಬ ಹೆಂಗಸಿನ ರೆಪ್ಪೆ ಎತ್ತಿ ಟಾರ್ಚು ಹಿಡಿದಿದ್ದರು. ಕಿಟಕಿಯ ಕಡೆ ಒಮ್ಮೆ ನೋಡಿದವರೇ ಟಾರ್ಚು ಆರಿಸಿಬಿಟ್ಟರು.

“ಏಳವಾ, ಎರಡು ನಿಮಿಷ ಹೊರಗೆ ಬಾ.”

ಹೆಂಗಸು ಗಾಬರಿಯಾದಳು. “ಯಾಕ್ರಿ ಮೇಡಂ, ನನ್ನ ಕಣ್ಣಿಗೆ ಏನರ ಆಗೈತೇನ್ರಿ?”

“ಕಣ್ಣಿಗೇನೂ ಆಗಿಲ್ಲ. ಅದಕ್ಕೊಂದು ಕೆಲಸ ಐತೆ.”

ಆಸ್ಪತ್ರೆಯಲ್ಲಿದ್ದವರೆಲ್ಲ ರಸ್ತೆಗೆ ಬಂದೆವು. ಬೆಳಕು ಎಲ್ಲಿ ಹೆಚ್ಚಿದೆಯೋ ಅಲ್ಲಿ ಏನೋ ಇರಬೇಕೆಂದು ನಾನು ಪಡುವಣದ ಕಡೆ ಮುಖ ಮಾಡಿ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೆ. ಡಾಕ್ಟರಮ್ಮ ನನ್ನ ಎರಡೂ ಹೆಗಲು ಹಿಡಿದು, ಬೀರು ತಿರುಗಿಸಿದ ಹಾಗೆ ಮೂಡಣದ ಕಡೆಗೆ ತಿರುಗಿಸಿದರು.

“ಸೂರ್ಯನ್ನ ಬೆನ್ನಿಗೆ ಹಾಕ್ಕೋ. ನಿನ್ನ ನೆರಳು ಯಾವ ದಿಕ್ಕಿಗೆ ಬಿದ್ದೈತೋ ಆ ದಿಕ್ಕಿಗೆ ನೋಡು.”

ನೋಡಿದೆ. ಎದುರಿನ ಔಷಧದ ಅಂಗಡಿಯ ಹಿಂದಿನಿಂದ ಎದ್ದ ಕಾಮನಬಿಲ್ಲು ಊರನ್ನು ದಾಟಿ ಆ ತುದಿಗೆ ಇಳಿದಿತ್ತು. ಆಟೊದವರು ಗಾಡಿ ನಿಲ್ಲಿಸಿ ತಲೆ ಹೊರಗೆ ಹಾಕಿದರು. ಡಾಕ್ಟರಮ್ಮ ನಮ್ಮೆಲ್ಲರಿಗಿಂತ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಂಜೆಯ ಬಿಸಿಲು ಪೂರ್ತಿ ತಮ್ಮ ಕತ್ತಿನ ಮೇಲೆ ಬೀಳುವ ಹಾಗೆ ನಿಂತಿದ್ದರು. ನನ್ನ ಒಗಟು ಅಲ್ಲಿಗೆ ಬಿಡಿಸಿದಂತಾಯಿತು. ಅವರು ಹೀಗೆ ನಿಂತು ಎಷ್ಟೋ ವರ್ಷಗಳಾಗಿದ್ದವು.

“ಒಂದು ಹೇಳ್ಲಾ?” ಎಂದು ತಿರುಗದೆಯೇ ಕೇಳಿದರು. “ನೀ ನೋಡಾಕತ್ತಿರೋ ಬಿಲ್ಲು ನಿಂದು. ನಾ ನೋಡೋದು ನಂದು. ನಿನ್ನ ಕಣ್ಣಿಗೆ ಕೆಂಪು ಕಳಿಸೋ ಹನಿ, ಪಕ್ಕದಾಗೆ ನಿಂತಿರೋ ನನಗೆ ಕೆಂಪು ಕಳಿಸಲ್ಲ. ಇಷ್ಟು ಜನ ನಿಂತೀವಿ ಅಂದ್ರೆ ಇಷ್ಟು ಬಿಲ್ಲು.”

ಬಸ್ಸಿನಲ್ಲಿ ಹರಿಹರಕ್ಕೆ ಹೋಗುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಇಪ್ಪತ್ತೆರಡು ವರ್ಷದವಳಾಗಿದ್ದೆ. ಅಲ್ಲಿಯವರೆಗೆ ಕಾಮನಬಿಲ್ಲು ಅಂದರೆ ಬೆಟ್ಟ, ಗುಡಿಗಳ ಹಾಗೆ ಒಂದು ಕಡೆ ಇರುವ ವಸ್ತು ಎಂದೇ ನಂಬಿದ್ದೆ.

ಅದಾದ ಮೇಲೆ ನಾನೂ ಕೇಳುವುದನ್ನು ಕಲಿತೆ. ಅವರಿಗೆ ಬೇಕಾಗಿದ್ದದ್ದೂ ಅದೇ. ಒಮ್ಮೆ ನಡುಮಧ್ಯಾಹ್ನ ಬಿಸಿಲು ಮಳೆ ಒಟ್ಟಿಗೇ ಬಂದಾಗ ನಾನು ಹೊರಗೆ ಓಡಿದೆ. ಅವರು ಕುರ್ಚಿಯಿಂದ ಏಳಲೇ ಇಲ್ಲ. ಏನೂ ಕಾಣದೆ ತೊಯ್ದು ಒಳಗೆ ಬಂದ ನನ್ನನ್ನು ನೋಡಿ ನಕ್ಕರು.

“ನೆತ್ತಿ ಮ್ಯಾಲೆ ಸೂರ್ಯ ಇದ್ರೆ ಬಿಲ್ಲು ಎಲ್ಲಿರ್ಬೇಕು ಹೇಳು?”

“ಎದುರಿಗೆ ಅಂದಿದ್ರಿ…”

“ನೆತ್ತಿಗೆ ಎದುರು ಯಾವುದು?”

ನಾನು ಕಾಲಬುಡ ನೋಡಿಕೊಂಡೆ.

“ಹ್ಞಾ. ಅಲ್ಲೈತೆ, ನೆಲದಾಗೆ. ಸೂರ್ಯ ಇಳಿದಂಗೆಲ್ಲ ಬಿಲ್ಲು ಏಳ್ತೈತೆ. ಹೊರಗೆ ನಿಂತು ನಿನ್ನ ನೆರಳು ನೋಡ್ಕೋ. ನೆರಳು ನಿನಗಿಂತ ಉದ್ದ ಇದ್ರೆ ಹುಡುಕು. ಗಿಡ್ಡ ಇದ್ರೆ ಒಳಗೆ ಬಂದು ಕೆಲಸ ಮಾಡು.”

ಇಂದಿಗೂ ಬಿಸಿಲುಮಳೆ ಬಂದರೆ ನಾನು ಮೊದಲು ನೋಡುವುದು ಮುಗಿಲನ್ನಲ್ಲ, ನೆಲದ ಮೇಲಿನ ನನ್ನ ನೆರಳನ್ನು. ನಾಲ್ಕು ಗಂಟೆಯ ಹೊತ್ತಿಗೆ ಬಂದ ಬಿಲ್ಲು ಅಂಗಡಿಗಳ ಮಾಳಿಗೆಗೆ ತಾಗಿದ ಹಾಗೆ ತೆಳ್ಳಗೆ, ತಗ್ಗಿನಲ್ಲಿ ಮಲಗಿರುತ್ತದೆ. ಸೂರ್ಯ ಮುಳುಗುವ ಹೊತ್ತಿನದು ಅರ್ಧ ಮುಗಿಲನ್ನು ಆಳುತ್ತದೆ. ಒಮ್ಮೆ ತೀರಾ ಮುಳುಗುವ ಗಳಿಗೆಯಲ್ಲಿ ಬರೀ ಕೆಂಪು ಬಿಲ್ಲು ಬಂದಿತ್ತು. ಹಸಿರಿಲ್ಲ, ನೀಲಿಯಿಲ್ಲ, ಕುಂಕುಮದಲ್ಲಿ ಬೆರಳದ್ದಿ ಎಳೆದ ಹಾಗಿತ್ತು. “ಆ ಹೊತ್ತಿನ್ಯಾಗೆ ಸೂರ್ಯನ ಹತ್ರ ಕೆಂಪು ಬಿಟ್ಟು ಬ್ಯಾರೆ ಉಳಿದಿರಲ್ಲ. ಬಿಲ್ಲು ಎಲ್ಲಿಂದ ತರ್ಬೇಕು?” ಎಂದಿದ್ದರು.

ಈ ಹುಚ್ಚು ಎಲ್ಲರಿಗೂ ಹಿಡಿಸುತ್ತಿತ್ತು ಅಂತಲ್ಲ. ಒಬ್ಬ ವ್ಯಾಪಾರಸ್ಥರು ಎಲ್ಲರೆದುರಿಗೇ ರೇಗಿದ್ದರು. “ನಾವು ಕಣ್ಣು ತೋರಿಸಾಕೆ ಬಂದೀವ್ರಿ, ಮುಗಿಲು ನೋಡಾಕಲ್ಲ.” ಡಾಕ್ಟರಮ್ಮನೂ ಮುಂಗೋಪಿ. “ಹಂಗಾದ್ರೆ ಬ್ಯಾರೆ ಕಡೆ ಹೋಗ್ರಿ” ಎಂದುಬಿಟ್ಟರು. ಅವರು ಹೋಗಿಯೇಬಿಟ್ಟರು. ಆಮೇಲೆ ವಾರಗಟ್ಟಲೆ ಇವರಿಗೆ ಸಮಾಧಾನವಿಲ್ಲ. ಕಡೆಗೆ ತಾವೇ ಫೋನು ಮಾಡಿ, “ಯಜಮಾನ್ರೇ, ನಿಮ್ಮ ಕಣ್ಣಿನ ಹನಿ ಮುಗಿದಿರ್ಬೇಕು, ಬರ್ರಿ. ಇವತ್ತು ಮೋಡ ಇಲ್ಲ” ಅಂದರು. ಅವರು ನಗುತ್ತಲೇ ಬಂದರು.

ಪೊರೆ ತೆಗೆಸಿಕೊಂಡ ಮುದುಕರೆಂದರೆ ಡಾಕ್ಟರಮ್ಮನಿಗೆ ಬಲು ಪ್ರೀತಿ. ಪೊರೆ ಬಂದ ಕಣ್ಣಿಗೆ ಎಲ್ಲವೂ ಹಳದಿ ಗಾಜಿನ ಹಿಂದಿನಿಂದ ಕಂಡಂತೆ ಕಾಣುತ್ತದೆ. ನೀಲಿ, ನೇರಳೆ ಮೆಲ್ಲಮೆಲ್ಲಗೆ ಮಾಸಿಹೋಗುತ್ತವೆ. ಪೊರೆ ತೆಗೆದ ಮಾರನೆಯ ದಿನ ಆ ಬಣ್ಣಗಳು ಒಮ್ಮೆಲೇ ತಿರುಗಿ ಬರುತ್ತವೆ. ಹಾಗಾಗಿ ಒಂದೇ ಕಣ್ಣಿಗೆ ಆಪರೇಷನ್ ಆದವರು ಸಿಕ್ಕಿದ ಹೊತ್ತಿಗೆ ಬಿಲ್ಲೂ ಮೂಡಿದರೆ ಡಾಕ್ಟರಮ್ಮನಿಗೆ ಹಬ್ಬ. ಒಂದು ಕಣ್ಣು ಮುಚ್ಚಿಸಿ, ಇನ್ನೊಂದು ತೆಗೆಸಿ, “ಈಗ ಎಷ್ಟು ಬಣ್ಣ? ಈಗ?” ಎಂದು ಕೇಳುವರು.

ಹಾಗೆ ಕೇಳಿಸಿಕೊಂಡವರಲ್ಲಿ ಲೋಕಿಕೆರೆಯ ಒಬ್ಬ ಅಜ್ಜ ಇದ್ದ. ಭತ್ತ ಬೆಳೆಯುವವನು, ಕಡಿಮೆ ಮಾತಿನವನು. ಬಿಲ್ಲನ್ನು ಎರಡೂ ಕಣ್ಣಲ್ಲಿ ನೋಡಿ, “ಒಳಗಿನ ಅಂಚಿಗೆ ಬದನೆಕಾಯಿ ಬಣ್ಣ ಇರ್ತೈತೆ ಅನ್ನೋದೇ ಮರ್ತು ಹೋಗಿತ್ತು ನೋಡ್ರಿ” ಅಂದ. ಡಾಕ್ಟರಮ್ಮನ ಮುಖ ಅರಳಿತು. ಅಜ್ಜ ಹೊರಡುವಾಗ ಇನ್ನೊಂದು ಮಾತು ಸೇರಿಸಿದ.

“ನಮ್ಮೂರಾಗೆ ನಾಟಿ ಟೈಮಿಗೆ ಬರ್ರಿ ಮೇಡಂ. ಒಂದೊಂದು ಸಲ ಎರಡು ಬಿಲ್ಲು ಬರ್ತಾವೆ.”

“ಎರಡು ಇಲ್ಲೂ ಬರ್ತಾವಲ್ಲಪ್ಪ. ದೊಡ್ಡದರ ಹೊರಗೆ ಇನ್ನೊಂದು, ಬಣ್ಣ ತಿರುಗಾಮುರುಗಾ.”

“ಅದಲ್ರಿ. ಅದು ನನಗೂ ಗೊತ್ತೈತೆ. ಇವೆರಡರದೂ ಬುಡ ಒಂದೇ. ಮ್ಯಾಲೆ ಹೋದಂಗೆಲ್ಲ ಅಗಲ ಆಗ್ತಾವೆ. ಎತ್ತಿನ ಕೊಂಬಿನಂಗೆ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅಜ್ಜನನ್ನು ಮತ್ತೆ ಕೂರಿಸಿದರು. ಎಲ್ಲಿ ನಿಂತು ನೋಡಿದ್ದು, ಬೆಳಿಗ್ಗೆಯೋ ಸಂಜೆಯೋ, ಗಾಳಿ ಇತ್ತೋ ಇಲ್ಲವೋ, ಹಿಂದೆ ಏನಿತ್ತು ಎಂದು ಒಂದೊಂದಾಗಿ ಕೇಳಿದರು. ಹಿಂದೆ ಗದ್ದೆಯಿತ್ತು ಎಂದಾಗ, “ನೀರು ಕಟ್ಟಿದ್ರೇನು?” ಅಂದರು. ಕೆಸರು ತುಳಿದು, ಮಟ್ಟ ಮಾಡಿ, ನೀರು ನಿಲ್ಲಿಸಿದ್ದರಂತೆ; ಸಸಿ ಇನ್ನೂ ಹಚ್ಚಿರಲಿಲ್ಲವಂತೆ. ಡಾಕ್ಟರಮ್ಮ ಗೋಡೆ ನೋಡುತ್ತ ಕೂತರು. ಆಮೇಲೆ ಒಬ್ಬರೇ ನಕ್ಕರು.

ಆ ವರ್ಷದ ನಾಟಿಯಲ್ಲಿ ನಾವು ಲೋಕಿಕೆರೆಗೆ ಹಲವು ಸಲ ಹೋದೆವು. ಮಳೆ ಇದ್ದರೆ ಬಿಸಿಲಿಲ್ಲ. ಬಿಸಿಲು ಬಂದರೆ ಗಾಳಿ ಎದ್ದು ಗದ್ದೆಯ ನೀರೆಲ್ಲ ಅಲೆ. ಅಜ್ಜನ ಮನೆಯಲ್ಲಿ ಕುಡಿದ ಚಹಾಕ್ಕೆ ಲೆಕ್ಕವಿಲ್ಲ. ಕೊನೆಗೊಂದು ಸಂಜೆ ಮಳೆ ಮೂಡಣಕ್ಕೆ ಸರಿಯಿತು, ಗಾಳಿ ಬಿದ್ದುಹೋಯಿತು, ನಮ್ಮ ಬೆನ್ನ ಹಿಂದಿನ ಗದ್ದೆಗಳೆಲ್ಲ ತೊಳೆದಿಟ್ಟ ತಟ್ಟೆಗಳಾದವು. ಎದುರಿಗೆ ಎಂದಿನ ಬಿಲ್ಲು ಎದ್ದಿತು. ಅದರ ಬಲಬುಡದಿಂದ ಇನ್ನೊಂದು, ಮಂಕಾಗಿ, ನೆಟ್ಟಗೆ, ಕಂಬದ ಹಾಗೆ ಮೇಲೆದ್ದು ಮೋಡದಲ್ಲಿ ಕರಗಿತ್ತು. ಪೂರ್ತಿ ಬಿಲ್ಲಲ್ಲ, ಬುಡ ಮಾತ್ರ. ನಿಜವಾಗಿಯೂ ಎತ್ತಿನ ಕೊಂಬು.

ನಾನು ಎದುರಿಗೇ ನೋಡುತ್ತಿದ್ದೆ. ಡಾಕ್ಟರಮ್ಮ ಹಿಂದೆ ತಿರುಗಿ ಗದ್ದೆ ತೋರಿಸಿದರು. ನೀರಿನೊಳಗೆ ಸೂರ್ಯ ಸ್ಪಷ್ಟವಾಗಿ, ದುಂಡಗೆ ಇದ್ದ.

“ಇವತ್ತು ಇಬ್ರು ಸೂರ್ಯ ಅದಾರೆ. ಒಬ್ಬ ಮ್ಯಾಲೆ, ಒಬ್ಬ ಕೆಳಗೆ. ಒಬ್ಬೊಬ್ಬಂದು ಒಂದೊಂದು ಬಿಲ್ಲು.”

ಅಜ್ಜ ಬದುವಿನ ಮೇಲೆ ನಿಂತು ತನ್ನ ಗದ್ದೆಯನ್ನು ಹೊಸದಾಗಿ ಕೊಂಡವನ ಹಾಗೆ ನೋಡಿದ. “ಹಂಗಾದ್ರೆ ಇದು ನನ್ನ ಗದ್ದೆ ಬಿಲ್ಲು ಅಂತೀರಿ?” ಎಂದ. “ಹೂಂ ಮತ್ತೆ” ಎಂದರು ಡಾಕ್ಟರಮ್ಮ. ಆ ವಾರವೆಲ್ಲ ಅವನು ಊರಿಗೆ ಅದನ್ನೇ ಹೇಳಿಕೊಂಡು ತಿರುಗಿದನಂತೆ.

ಇನ್ನೊಂದು ಸಲ, ಏಪ್ರಿಲ್ ಕೊನೆಯಲ್ಲಿ, ಮಟಮಟ ಮಧ್ಯಾಹ್ನ ನನ್ನನ್ನು ಆಸ್ಪತ್ರೆಯ ತಾರಸಿಗೆ ಕರೆದರು. ನಮ್ಮ ಕಡೆ ವರ್ಷದಲ್ಲಿ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಕಂಬ ನೆಟ್ಟರೆ ಅದಕ್ಕೂ ನೆರಳಿರುವುದಿಲ್ಲ. ಡಾಕ್ಟರಮ್ಮ ಟ್ಯಾಂಕಿಗೆ ಪೈಪು ಸಿಕ್ಕಿಸಿ ಒಂದು ಸ್ಟೂಲಿನ ಮೇಲೆ ನಿಂತಿದ್ದರು. ಆಸ್ಪತ್ರೆಯ ಹಳೆಯ ಕಂಪೌಂಡರ್ ಪಕ್ಕದಲ್ಲಿ ಮುಖ ಗಂಟು ಹಾಕಿಕೊಂಡು ನಿಂತಿದ್ದ. ನಲ್ಲಿಯಲ್ಲಿ ನೀರು ಬಂದು ಎಷ್ಟೋ ದಿನವಾಗಿತ್ತು.

“ಕುಡಿಯಾಕೆ ನೀರಿಲ್ಲ ಮೇಡಂ, ನೀವು ಬಿಸಿಲಿಗೆ ಸ್ನಾನ ಮಾಡಿಸಾಕತ್ತೀರಲ್ರಿ…”

“ಒಂದು ಬಕೆಟ್ಟು ಕಣಯ್ಯ. ನಾ ಇವತ್ತು ಮುಖ ತೊಳೆಯಲ್ಲ, ಸರಿ ಹೋಯ್ತಾ?”

ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ನೀರನ್ನು ಹೊಗೆಯಂತೆ ಒಡೆದು ತಮ್ಮ ಸುತ್ತ ಕೆಳಮುಖವಾಗಿ ಚಿಮ್ಮಿಸಿದರು. “ಏನವಾ, ಹತ್ತು ಬಾ” ಎಂದು ಆಮೇಲೆ ನನ್ನನ್ನೂ ಸ್ಟೂಲು ಹತ್ತಿಸಿದರು. ಬಗ್ಗಿ ನೋಡಿದರೆ ನನ್ನ ಪಾದಗಳು ನಟ್ಟನಡುವೆ, ಅವುಗಳ ಸುತ್ತ ದುಂಡಗೆ ಪೂರ್ತಿ ಕಾಮನಬಿಲ್ಲು! ಎಲ್ಲಿಯೂ ಕಡಿದಿರಲಿಲ್ಲ. ಯಾರೋ ನನ್ನನ್ನು ನಿಲ್ಲಿಸಿ ಸುತ್ತ ರಂಗೋಲಿ ಹಾಕಿದಂತಿತ್ತು. ಬಿಲ್ಲು ಎಂದಿಗೂ ಅರ್ಧವಲ್ಲ, ನೆಲ ಅಡ್ಡ ಬಂದು ಅರ್ಧ ಕಾಣುತ್ತದೆ ಅಷ್ಟೆ ಎಂದು ಅವರು ಮೊದಲೇ ಹೇಳಿದ್ದರು. ಕಣ್ಣಾರೆ ಕಂಡದ್ದು ಆ ದಿನ. ಕಂಪೌಂಡರನನ್ನೂ ಹತ್ತಿಸಿದೆವು. ಇಳಿಯುವಾಗ ಅವನೇ, “ಇನ್ನೊಂದು ಬಕೆಟ್ಟು ಬಿಡ್ಲೇನ್ರಿ?” ಎಂದ.

ಇಷ್ಟೆಲ್ಲ ಕಂಡಿದ್ದರೂ ಡಾಕ್ಟರಮ್ಮನಿಗೆ ಒಂದು ಬಿಲ್ಲು ಸಿಕ್ಕಿರಲಿಲ್ಲ. ಬಿಳಿ ಬಿಲ್ಲು. ಮಳೆಯ ಹನಿಯಲ್ಲಲ್ಲ, ಮಂಜಿನಲ್ಲಿ ಮೂಡುವಂಥದು. ಮಂಜಿನ ಕಣ ತೀರಾ ಸಣ್ಣದು. ಅದರಲ್ಲಿ ಬಣ್ಣಗಳು ಬಿಡಿಬಿಡಿಯಾಗಿ ನಿಲ್ಲದೆ ಒಂದರ ಮೇಲೊಂದು ಹರಡಿ ಬೆಳ್ಳಗಾಗಿಬಿಡುತ್ತವಂತೆ. ದಾವಣಗೆರೆಯ ಒಣ ನೆಲದಲ್ಲಿ ಮಂಜು ಕವಿಯುವುದು ಅಪರೂಪ. ನಾನೋ ಹರಿಹರದವಳು. ಚಳಿಗಾಲದ ಬೆಳಿಗ್ಗೆ ತುಂಗಭದ್ರೆಯ ಮೇಲೆ ಒಮ್ಮೊಮ್ಮೆ ಮಂಜು ಹಾಸಿರುತ್ತದೆ. ನಮ್ಮ ದಡದಲ್ಲಿ ನಿಂತರೆ ಮೂಡಣದ ಸೂರ್ಯ ಬೆನ್ನಿಗೆ, ಹೊಳೆ ಎದುರಿಗೆ. “ಅದಕ್ಕೇ ನಿನ್ನ ಕೆಲಸಕ್ಕೆ ತಗೊಂಡಿದ್ದು ಅಂದ್ಕೋ” ಎಂದು ನಗುತ್ತಿದ್ದರು.

ಮಂಜು ಬಿದ್ದರೆ ನಾನು ಎದ್ದ ಕೂಡಲೇ ಫೋನು ಮಾಡಬೇಕು. ಮಾಡುತ್ತಿದ್ದೆ. ಅವರು ಕಾರು ಹೊಡೆದುಕೊಂಡು ಬರುವಷ್ಟರಲ್ಲಿ ಬಿಸಿಲೇರಿ ಮಂಜು ಹರಿದುಹೋಗಿರುತ್ತಿತ್ತು. ಎರಡು ಚಳಿಗಾಲ ಹೀಗೇ ಆಯಿತು. ಮೂರನೆಯ ವರ್ಷ ಒಂದು ದಿನ, ಕೆಲಸ ಮುಗಿಸಿ ಬ್ಯಾಗು ಹೆಗಲಿಗೇರಿಸುತ್ತಿದ್ದಾಗ ಕೇಳಿದರು: “ಇವತ್ತು ನಿಮ್ಮ ಮನೆಗೆ ಬರ್ಲಾ? ಅಲ್ಲೇ ಇರ್ತೀನಿ.”

ನನಗೆ ಕೈಕಾಲು ಆಡಲಿಲ್ಲ. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಅವ್ವ ಮಾತ್ರ ಹಿಗ್ಗಿದಳು. ಹೊಲಿಗೆ ಮೆಷಿನ್ನು ಮೂಲೆಗೆ ಸರಿಸಿ ಹಾಸಿಗೆ ಹಾಸಿದಳು, ರೊಟ್ಟಿ, ಪುಂಡಿಪಲ್ಯ ಮಾಡಿ ಬಡಿಸಿದಳು. ಇಬ್ಬರೂ ಸರಿಸುಮಾರು ಒಂದೇ ವಯಸ್ಸಿನವರು. ಡಾಕ್ಟರಮ್ಮ ಮೊದಲ ತುತ್ತಿಗೇ ಅವ್ವನನ್ನು “ಅಕ್ಕಾ” ಎಂದರು.

ಬೆಳಿಗ್ಗೆ ನಾವು ಹೊಳೆದಡಕ್ಕೆ ಹೋದಾಗ ಆಚೆ ದಡವೇ ಇರಲಿಲ್ಲ. ಸೇತುವೆ ಈ ಕಡೆಯಿಂದ ಹೊರಟು ನಡುವೆಯೇ ಮುಗಿದುಹೋಗಿತ್ತು. ಅದರ ಮೇಲೆ ಹೋಗುವ ಲಾರಿಗಳ ಸದ್ದು ಮಾತ್ರ ಕೇಳುತ್ತಿತ್ತು. ಡಾಕ್ಟರಮ್ಮ ಶಾಲು ಹೊದ್ದು, ಮೂಡಣಕ್ಕೆ ಬೆನ್ನು ಮಾಡಿ, ಅಲುಗದೆ ನಿಂತರು. ಸೂರ್ಯ ಮೇಲೆ ಬಂದ. ನಮ್ಮ ಉದ್ದನೆಯ ನೆರಳು ನೀರಿನತ್ತ ಚಾಚಿತು. ಆಗ ಮಂಜಿನಲ್ಲಿ, ಇದೆಯೋ ಇಲ್ಲವೋ ಅನ್ನುವ ಹಾಗೆ, ಅಗಲವಾದ ಬಿಳಿ ಕಮಾನು ಮೂಡಿತು. ಬಣ್ಣವೇ ಇಲ್ಲ. ಹೊರ ಅಂಚಿಗೆ ಎಲ್ಲೋ ಒಂಚೂರು ಕೆಂಪಿನ ನೆನಪು. ನಾನು “ಇದೇನಾ ಮೇಡಂ?” ಎಂದೆ. ಅವರು ನನ್ನ ಕೈ ಹಿಡಿದು ಒತ್ತಿದರು. ಬಟ್ಟೆ ಒಗೆಯಲು ಬಂದಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ, ಆ ಕಡೆ ನೋಡಿ, “ಏನ್ರವ್ವ ಕಳಕೊಂಡೀರಿ?” ಎಂದು ಕೇಳಿದಳು. “ಕಳಕೊಂಡಿಲ್ಲವಾ, ಸಿಕ್ತು” ಎಂದರು ಡಾಕ್ಟರಮ್ಮ.

ಮನೆಗೆ ಬಂದಾಗಲೂ ಅವರು ನೆಲದ ಮೇಲಿರಲಿಲ್ಲ. ಅವ್ವ ಉಪ್ಪಿಟ್ಟಿನ ತಟ್ಟೆ ಕೊಟ್ಟಳು. ಕೊಡುವಾಗ ಒಂದು ಕೈಯಿಂದ ಹಣೆ ಒತ್ತಿಕೊಳ್ಳುತ್ತಿದ್ದಳು. ಡಾಕ್ಟರಮ್ಮ ಚಮಚೆ ಆಡಿಸುತ್ತ ಬಿಳಿ ಬಿಲ್ಲನ್ನು ವರ್ಣಿಸಿದರು. ಅವ್ವ ಎಲ್ಲ ಕೇಳಿ ನಗುತ್ತ ಅಂದಳು:

“ನೀವು ಅಷ್ಟು ದೂರದಿಂದ ಬಂದು ಚಳಿಯಾಗೆ ನಿಂತ್ಕಂಡ್ರಿ. ನನಗೆ ಕುಂತಲ್ಲೇ ಕಾಣ್ತೈತೆ ನೋಡ್ರಿ, ಬಣ್ಣದ್ದೇ.”

“ಎಲ್ಲಿ ಅಕ್ಕಾ?”

“ಆ ಲೈಟಿನ ಸುತ್ತ. ಸಂಜಿಮುಂದೆ ಹೊಲಿಯಾಕೆ ಕುಂತ್ರೆ ಒಂದೊಂದು ದಿನ ದುಂಡಗೆ ಬರ್ತೈತೆ. ಹೊರಗೆ ಕೆಂಪು, ಒಳಗೆ ನೀಲಿ. ಇವತ್ತು ನಸುಕಿಗೆ ಒಲೆ ಹಚ್ಚುವಾಗಲೂ ಬಂದಿತ್ತು. ಭಾಳ ಚೆಂದ.”

ಡಾಕ್ಟರಮ್ಮ ತಟ್ಟೆ ಕೆಳಗಿಟ್ಟರು. ಅವರ ಮುಖದ ಮೇಲಿನ ಬೆಳಕೆಲ್ಲ ಒಂದೇ ಗಳಿಗೆಯಲ್ಲಿ ಹೋಯಿತು. ನಾನು ಅವರನ್ನು ಹಾಗೆ ಹಿಂದೆಂದೂ ನೋಡಿರಲಿಲ್ಲ.

“ಎರಡೂ ಕಣ್ಣಿಗೆ ಕಾಣ್ತೈತಾ, ಒಂದಕ್ಕಾ?”

“ನೋಡಿಲ್ರಿ… ಬಲಗಣ್ಣಿಗೆ ಅನ್ನಿಸ್ತೈತೆ.”

“ಆಗ ತಲೆ ನೋಯ್ತೈತಾ? ಈ ಹುಬ್ಬಿನ ಮ್ಯಾಲೆ?”

“ನೋಯ್ತೈತ್ರಿ. ಮಲಗಿ ಎದ್ರೆ ಕಮ್ಮಿ ಆಗ್ತೈತೆ. ಇವತ್ತೇ ಇನ್ನೂ ಬಿಟ್ಟಿಲ್ಲ.”

“ಈ ಲೈಟು ಈಗ ಹೆಂಗೆ ಕಾಣ್ತೈತೆ?”

“ಹೊಗೆಯಾಗೆ ಕಂಡಂಗೆ.”

ಡಾಕ್ಟರಮ್ಮ ಎದ್ದು ಕೈ ತೊಳೆದರು. “ಅಕ್ಕಾ, ಸೀರೆ ಬದಲಾಯಿಸೋದೇನೂ ಬ್ಯಾಡ. ಕಾರಿನ್ಯಾಗೆ ಕೂಡ್ರಿ.”

ಅವ್ವ ಒಪ್ಪಲಿಲ್ಲ. ಅದೇ ವಾರ ಮದುವೆಯೊಂದರ ರವಿಕೆಗಳನ್ನು ಕೊಡಬೇಕಿತ್ತು. ಇಷ್ಟು ದಿನ ನನಗೂ ಹೇಳದೆ ಇದ್ದದ್ದು ಅದಕ್ಕೇ. ಕಣ್ಣಿನ ಆಸ್ಪತ್ರೆಯಲ್ಲಿರುವ ಮಗಳಿಗೆ ಗೊತ್ತಾದರೆ ಮೆಷಿನ್ನು ಮುಚ್ಚಿಸುತ್ತಾಳೆ ಎಂಬ ಭಯ. ಜೊತೆಗೆ ನಮ್ಮ ಓಣಿಯಲ್ಲಿ ಯಾರೋ ಕಣ್ಣು ತೋರಿಸಲು ಹೋಗಿ ಕುರುಡಾದರು ಎಂಬ ಹಳೆಯ ಕತೆ ಬೇರೆ. “ಸೂಜಿಗೆ ದಾರ ಪೋಣಿಸ್ತೀನ್ರಿ, ನನ್ನ ಕಣ್ಣಿಗೆ ಏನಾಗೈತೆ? ಮದುವಿ ಮುಗೀಲಿ, ನಾನೇ ಬರ್ತೀನಿ” ಎಂದಳು.

ಡಾಕ್ಟರಮ್ಮ ಚಾಪೆಯ ಮೇಲೆ ಮತ್ತೆ ಕೂತರು. “ಆಯ್ತು. ನೀವು ಏಳೋತನ ನಾನೂ ಏಳಲ್ಲ.”

“ಹಂಗಂದ್ರೆ? ನಿಮ್ಮ ಆಸ್ಪತ್ರೆ?”

“ಕಾಯ್ಲಿ.”

ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ ಕಂಪೌಂಡರ್, ಜನ ಬಂದು ಕೂತಿದ್ದಾರೆ ಎಂದು. ಅವರು “ತಡ ಆಗ್ತೈತೆ” ಎಂದಷ್ಟೇ ಹೇಳಿ ಇಟ್ಟರು. ಅವ್ವ ಒಮ್ಮೆ ಮೆಷಿನ್ನು ನೋಡಿದಳು, ಒಮ್ಮೆ ಅವರನ್ನು ನೋಡಿದಳು. ನನಗೆ ಸನ್ನೆ ಮಾಡಿದಳು, ಏನಾದರೂ ಹೇಳು ಎಂದು. ನಾನು ಅವ್ವನ ಚಪ್ಪಲಿ ತಂದು ಬಾಗಿಲಲ್ಲಿ ಇಟ್ಟೆ.

ಕೊನೆಗೆ ಅವರೇ ಮೆಲ್ಲಗೆ ಅಂದರು: “ಅಕ್ಕಾ, ಕೇಳ್ರಿ. ಕಣ್ಣಿನೊಳಗೆ ನೀರು ಇರ್ತೈತೆ. ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಹರಿದು ಹೋಗ್ತೈತೆ. ನಿಮ್ಮದು ಹೋಗೋ ದಾರಿ ಮುಚ್ಚಾಕತ್ತೈತೆ. ಒಳಗೆ ಒತ್ತಡ ಏರಿ ಕಣ್ಣಿನ ಗಾಜಿಗೆ ನೀರು ಇಳೀತೈತೆ. ಆ ನೀರೇ ನಿಮಗೆ ಬಣ್ಣ ತೋರಿಸೋದು. ಮದುವಿ ಮುಗಿಯೋದ್ರೊಳಗೆ ದಾರಿ ಪೂರ್ತಿ ಮುಚ್ಚಿದ್ರೆ, ಒಂದು ದಿನದಾಗೆ ಕಣ್ಣು ಹೋಗ್ತೈತೆ. ಹೋದದ್ದನ್ನ ನನ್ನ ಕೈಲಿ ತರಾಕಾಗಲ್ಲ.”

ಅವ್ವ ಎದ್ದು ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡಳು.

ಆಸ್ಪತ್ರೆಯಲ್ಲಿ ಒತ್ತಡ ಅಳೆದಾಗ ಬಲಗಣ್ಣಿನದು ಇರಬೇಕಾದುದರ ಎರಡು ಪಟ್ಟು ಏರಿತ್ತು. ಅದನ್ನು ಓದಿದವಳು ನಾನೇ. ಅಂಕಿಯನ್ನು ಎರಡು ಸಲ ನೋಡಿ ಹೇಳಿದೆ. ಡಾಕ್ಟರಮ್ಮ ಮಾತ್ರೆ ಕೊಟ್ಟರು, ಹನಿ ಹಾಕಿದರು, ಕಾದರು, ಮತ್ತೆ ಅಳೆದರು. ಒತ್ತಡ ಇಳಿದು ಕಣ್ಣಿನ ಮಂಜು ಕರಗಿದ ಮೇಲೆ, ಸಂಜೆಯ ಹೊತ್ತಿಗೆ ಲೇಸರ್‌ನಿಂದ ಪಾಪೆಯ ಪಕ್ಕದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಮಾಡಿದರು, ನೀರಿಗೆ ಹೊಸ ದಾರಿ. ಇನ್ನೊಂದು ಕಣ್ಣಿಗೆ ಮುಂದಿನ ವಾರ. ಅವ್ವ ಕೂಗಲಿಲ್ಲ, ನನ್ನ ಕೈಯನ್ನು ಮಾತ್ರ ಬಿಡಲಿಲ್ಲ. ಬಲಗಣ್ಣಿನ ಒಂದು ಅಂಚಿನ ನೋಟ ಆಗಲೇ ಹೋಗಿತ್ತು. ಅದು ಬರಲಿಲ್ಲ. ಉಳಿದದ್ದೆಲ್ಲ ಉಳಿಯಿತು.

ಮದುವೆಯ ರವಿಕೆಗಳು ತಡವಾದವು. ಮದುವೆ ಮನೆಯವರು ಸಿಟ್ಟಾದರು, ಆಮೇಲೆ ಸಮಾಧಾನವಾದರು. ಅವ್ವ ಒಂದು ವಾರ ಬಿಟ್ಟು ಮತ್ತೆ ಮೆಷಿನ್ನಿಗೆ ಕೂತಳು. ಮೊದಲು ಹೊಲಿದದ್ದು ಡಾಕ್ಟರಮ್ಮನಿಗೆ ಒಂದು ರವಿಕೆ. ಅಳತೆ ಕೇಳಿರಲಿಲ್ಲ, ಊಟಕ್ಕೆ ಕೂತಾಗ ನೋಡಿದ ಅಂದಾಜಿನ ಮೇಲೆ ಹೊಲಿದಿದ್ದಳು. ಸರಿಯಾಗಿ ಕೂತಿತು.

ಆ ದಿನದಿಂದ ಡಾಕ್ಟರಮ್ಮ ನನಗೊಂದು ಹೊಸ ಕೆಲಸ ಕೊಟ್ಟರು. ಕಣ್ಣು ತೋರಿಸಲು ಬಂದ ಪ್ರತಿಯೊಬ್ಬರಿಗೂ, ಕನ್ನಡಕಕ್ಕೆ ಬಂದವರಿರಲಿ, ಧೂಳು ಬಿದ್ದು ಬಂದವರಿರಲಿ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆಯೇ ಎಂದು ಕೇಳಬೇಕು. “ಇದು ಯಾರೂ ತಾವಾಗೇ ಹೇಳಲ್ಲ. ನೋವು ಇದ್ರೆ ಹೇಳ್ತಾರೆ. ಚೆಂದ ಕಂಡ್ರೆ ಯಾರು ಡಾಕ್ಟ್ರ ಹತ್ರ ಬರ್ತಾರೆ?” ಎನ್ನುತ್ತಿದ್ದರು. ಬಹಳ ಜನ ನಕ್ಕು ಇಲ್ಲ ಎನ್ನುತ್ತಾರೆ. ಕೆಲವರು ಕನ್ನಡಕದ ಮೇಲೆ ಹಬೆ ಕೂತಾಗ ಕಾಣುತ್ತದೆ ಎನ್ನುತ್ತಾರೆ, ಅವರಿಗೆ ಒರೆಸಿ ನೋಡಲು ಹೇಳುತ್ತೇನೆ. ಆವರಗೆರೆಯ ಒಬ್ಬ ಹೆಂಗಸು ಮಾತ್ರ ನಾಚಿಕೊಂಡು, “ನಿಮಗೆ ಹೆಂಗೆ ಗೊತ್ತಾತ್ರಿ?” ಎಂದಳು. ಅವಳ ಕಣ್ಣೂ ಉಳಿಯಿತು.

ಡಾಕ್ಟರಮ್ಮ ಹೋದದ್ದು ಕಳೆದ ಬೇಸಿಗೆಯಲ್ಲಿ. ಹೃದಯದ ತೊಂದರೆ ಇತ್ತು, ಯಾರಿಗೂ ಹೆಚ್ಚು ಹೇಳಿಕೊಂಡಿರಲಿಲ್ಲ. ಹಿಂದಿನ ದಿನ ಸಂಜೆಯವರೆಗೂ ಕಣ್ಣು ನೋಡಿದ್ದರು. ನನಗೆ ಸುದ್ದಿ ಮುಟ್ಟಿದ್ದು ಹರಿಹರದ ಬಸ್ ನಿಲ್ದಾಣದಲ್ಲಿ, ಎಂದಿನಂತೆ ಕೆಲಸಕ್ಕೆ ಹೊರಟು ನಿಂತಾಗ. ಮನೆಗೆ ಹಿಂದಿರುಗಿ ಅವ್ವನಿಗೆ ಹೇಳಿದೆ. ಅವ್ವ ಅಳಲಿಲ್ಲ. ಕತ್ತರಿ ಕೆಳಗಿಟ್ಟು, “ನಾನೂ ಬರ್ತೀನಿ” ಎಂದಳು.

ಪಿ.ಜೆ. ಬಡಾವಣೆಯ ಆ ಮನೆಯ ಮುಂದೆ ರಸ್ತೆ ತುಂಬ ಜನ. ಲೋಕಿಕೆರೆಯ ಅಜ್ಜ ಮೊಮ್ಮಗನ ಕೈ ಹಿಡಿದು ಬಂದಿದ್ದ. ಕಂಪೌಂಡರ್ ಬಂದವರಿಗೆಲ್ಲ ನೀರು ಕೊಡುತ್ತಿದ್ದ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ, ಕಣ್ಣು ಕುಕ್ಕುವ ಬಿಸಿಲು. ಪಡಸಾಲೆಯಲ್ಲಿ ಡಾಕ್ಟರಮ್ಮನನ್ನು ನಮ್ಮ ಕಡೆಯ ಪದ್ಧತಿಯಂತೆ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಹೂವಿನ ಹಾರ.

ಜನ ಸಾಲಾಗಿ ಬಂದು, ಕೈ ಮುಗಿದು, ಮುಂದೆ ಹೋಗುತ್ತಿದ್ದರು. ನಮ್ಮ ಸರದಿ ಬಂತು. ನಾನು ಕೈ ಮುಗಿದೆ. ಮುಂದೆ ಹೆಜ್ಜೆ ಇಟ್ಟು ನೋಡಿದರೆ ಅವ್ವ ನನ್ನ ಜೊತೆಗಿರಲಿಲ್ಲ. ಅವರ ಎದುರು ಹಾಗೇ ನಿಂತಿದ್ದಳು. ಕೈ ಮುಗಿದಿರಲಿಲ್ಲ, ಬಾಗಿರಲಿಲ್ಲ. ಹೊಲಿಗೆ ಸರಿ ಬಂದಿದೆಯೇ ಎಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಾಗ ನೋಡುತ್ತಾಳಲ್ಲ, ಹಾಗೆ ಅವರ ಮುಖವನ್ನು ನೋಡುತ್ತಿದ್ದಳು. ಹಿಂದೆ ಸಾಲು ನಿಂತಿತು. ಯಾರೋ ಕೆಮ್ಮಿದರು. ನಾನು ಹಿಂದಕ್ಕೆ ಬಂದು ಅವಳ ಕೈ ಹಿಡಿದೆ.

“ಬಾ ಅವ್ವ. ಹಿಂದೆ ಜನ ಅದಾರೆ.”

ಅವ್ವ ನನ್ನ ಕಡೆ ತಿರುಗಲಿಲ್ಲ.

“ತಡಿ,” ಎಂದಳು. “ನೋಡಾಕತ್ತೀನಿ.”